ಜಾಮೀನಿನ ಊಟ

ತಿಳಿಸಾರಿಗೆ ಒಂದು ವಿಚಿತ್ರ ಗುಣವಿದೆ, ನೀವೂ ಗಮನಿಸಿರಬಹುದು: ತವರಿನಲ್ಲಿ ದಿನಾ ತಟ್ಟೆಗೆ ಬೀಳುವಾಗ ಅದನ್ನು ಯಾರೂ ಕೇಳುವುದಿಲ್ಲ, ಊರು ಬಿಟ್ಟು ದೂರ ಬಂದೊಡನೆ ಅದು ಕನಸಿನಲ್ಲಿ ಬರಲು ಶುರುಮಾಡುತ್ತದೆ. ಎಪ್ಪತ್ತರ ದಶಕದ ದಿಲ್ಲಿಯಲ್ಲಿ, ಸರೋಜಿನಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ಅಣ್ಣನ ಜೊತೆಗಿದ್ದುಕೊಂಡು ವಕೀಲಿಕೆ ಕಲಿಯುತ್ತಿದ್ದ ನನಗೆ ಆ ಕನಸು ವಾರಕ್ಕೆರಡು ಸಲವಾದರೂ ಬೀಳುತ್ತಿತ್ತು. ಅಣ್ಣನಿಗಿನ್ನೂ ಮದುವೆಯಾಗಿರಲಿಲ್ಲ, ಅವನ ಅಡುಗೆ ನನ್ನದಕ್ಕಿಂತ ಕೆಟ್ಟದೆಂದು ನಾನೂ, ನನ್ನದು ಅವನದಕ್ಕಿಂತ ಕೆಟ್ಟದೆಂದು ಅವನೂ ವಾದಿಸುತ್ತಿದ್ದೆವು. ಹೀಗಾಗಿ ಮಧ್ಯಾಹ್ನವಾದರೆ ನನ್ನ ಕಾಲುಗಳು ತಾವಾಗಿಯೇ ವಾಸುದೇವ ಮಾವನ ಹೋಟೆಲಿನತ್ತ ತಿರುಗುತ್ತಿದ್ದವು. ಮಾವ ಎಂದರೆ ನನ್ನ ತಾಯಿಯ ತಮ್ಮನೆಂದುಕೊಳ್ಳಬೇಡಿ. ಕುಂದಾಪುರದ ಕಡೆಯಿಂದ ಬಂದು, ಸ್ವಂತ ಕಟ್ಟಡದಲ್ಲಿ ಹೋಟೆಲು ಹೂಡಿದ್ದ ಅವರು ದಿಲ್ಲಿಯ ಕನ್ನಡಿಗರಿಗೆಲ್ಲ ಸಾರ್ವಜನಿಕ ಮಾವ.

ನಾನು ಕೈಕೆಳಗೆ ದುಡಿಯುತ್ತಿದ್ದ ಹಿರಿಯ ವಕೀಲರು ಮಲ್ಹೋತ್ರಾ ಸಾಹೇಬರು. ಬರೆದ ತಪ್ಪಿಗೆ ಸಿಕ್ಕಿಬಿದ್ದ ಪತ್ರಕರ್ತರ ಪರವಾಗಿ ಅವರು ಫೀಜಿಲ್ಲದೆ ವಾದಿಸುತ್ತಿದ್ದರು. ಅಂಥದೇ ಕೆಲಸ ಮಾಡುವ ಪರದೇಶದ ವಕೀಲಮಿತ್ರರು ಅವರಿಗೆ ಬರೆದ ಕಾಗದಗಳನ್ನು ಚಹಾದ ಹೊತ್ತಿಗೆ ನಮಗೆ ಓದಿ ಹೇಳುವರು: ಒಂದೂರಲ್ಲಿ ಸಂಪಾದಕ ಒಳಗೆ, ಇನ್ನೊಂದೂರಲ್ಲಿ ಮುದ್ರಣಾಲಯಕ್ಕೆ ಬೀಗ, ಮತ್ತೊಂದೂರಲ್ಲಿ ಕಾಗದವೇ ಸರಬರಾಜಿಲ್ಲ. ಊರುಗಳು ಎಷ್ಟೇ ಬೇರೆಯಾದರೂ ಬೀಗ ಮಾಡುವ ಕಾರ್ಖಾನೆ ಒಂದೇ ಇರಬೇಕೆಂದು ನನಗನಿಸುತ್ತಿತ್ತು. ಆ ಕಾಗದಗಳಲ್ಲಿ ನಾಯಕರು ಯಾವಾಗಲೂ ಇಬ್ಬರೇ, ಬರೆದವನು ಮತ್ತು ವಾದಿಸಿದವನು. ಜಾಮೀನು ನಿಂತವನ ಹೆಸರು ಒಂದರಲ್ಲೂ ಇರಲಿಲ್ಲ, ಅದಕ್ಕೇ ಈ ಪ್ರಬಂಧ.

ತುರ್ತುಪರಿಸ್ಥಿತಿಯ ಎರಡನೆಯ ಬೇಸಿಗೆ. ಗಿರಿಧರನೆಂಬ ನಮ್ಮ ಕಡೆಯ ವರದಿಗಾರನೊಬ್ಬ, ಗುಡಿಸಲು ಕೆಡವಿ ಯಮುನೆಯಾಚೆಗೆ ಸಾಗಿಸಿದವರ ಒಂದು ಬಡಾವಣೆಯಲ್ಲಿ ಮೂರು ವಾರದಿಂದ ನೀರಿಲ್ಲದೆ ಹೆಂಗಸರು ಕೊಡ ಹಿಡಿದು ರಸ್ತೆಯಲ್ಲಿ ಕೂತದ್ದನ್ನು ಬರೆದ. ಸೆನ್ಸಾರಿನವರು ಅಡ್ಡಗೆರೆ ಎಳೆದರು, ಪತ್ರಿಕೆ ಸುಮ್ಮನಾಯಿತು, ಗಿರಿಧರ ಮಾತ್ರ ಸುಮ್ಮನಾಗಲಿಲ್ಲ. ಸೈಕ್ಲೋಸ್ಟೈಲ್ ಮಾಡಿ ಹಂಚಿಬಿಟ್ಟ. ಸುಳ್ಳುಸುದ್ದಿ ಹರಡಿದನೆಂದು ಅವನನ್ನು ಹಿಡಿದೊಯ್ದರು. ಸಾಹೇಬರು ಹೇಗೋ ಹೆಣಗಿ ಜಾಮೀನು ಕೊಡಿಸಿದರು, ಆದರೆ ದಿಲ್ಲಿಯಲ್ಲಿ ಆಸ್ತಿಯಿರುವ ಒಬ್ಬರು ಜಾಮೀನು ನಿಲ್ಲಬೇಕು ಎಂದಿತು ಕೋರ್ಟು. ನೋಡಿ, ನಮ್ಮ ಬಣ್ಣ ಬಯಲಾದದ್ದು ಆಗ. ದಿಲ್ಲಿ ಕನ್ನಡಿಗರ ಬಳಿ ಡಿಗ್ರಿಯಿತ್ತು, ವೀಣೆಯಿತ್ತು, ಮುಂದೆ ಬರಲಿದ್ದ ಪಿಂಚಣಿಯಿತ್ತು. ಅಂಗೈಯಗಲದ ನೆಲ ಮಾತ್ರ ಯಾರ ಹೆಸರಲ್ಲೂ ಇರಲಿಲ್ಲ. ಇದ್ದದ್ದು ಮಾವ ಒಬ್ಬರಿಗೇ.

ಪೇಪರಿನಲ್ಲಿ ತರಕಾರಿ ಧಾರಣೆಯ ಹೊರತು ಬೇರೇನನ್ನೂ ಓದದ ಮಾವ ಕಟ್ಟಡದ ಕಾಗದಪತ್ರ ಹಿಡಿದು ಕೋರ್ಟಿಗೆ ಬಂದರು. ಆರೋಪಿ ನಿಮಗೆ ಹೇಗೆ ಗೊತ್ತೆಂದು ಮ್ಯಾಜಿಸ್ಟ್ರೇಟರು ಕೇಳಿದಾಗ, ನಾಲ್ಕು ವರ್ಷದಿಂದ ನಮ್ಮಲ್ಲಿ ಉಣ್ಣುತ್ತಾನೆಂದು ತಮ್ಮ ಕುಂದಾಪುರದ ಹಿಂದಿಯಲ್ಲಿ ಹೇಳಿದರು. ನಡತೆ ಹೇಗೆಂದು ಕೇಳಿದ್ದಕ್ಕೆ, ಒಳ್ಳೆಯ ಮನುಷ್ಯ, ತಟ್ಟೆಯಲ್ಲಿ ಒಂದಗುಳೂ ಬಿಡುವುದಿಲ್ಲ ಎಂದರು. ಓಡಿಹೋದರೆ? ಕುಚ್ಚಲಕ್ಕಿ ಅನ್ನ ದಿಲ್ಲಿಯಲ್ಲಿ ಬೇರೆಲ್ಲೂ ಸಿಗುವುದಿಲ್ಲವಾದ್ದರಿಂದ ಓಡುವ ಪ್ರಶ್ನೆಯೇ ಇಲ್ಲವೆಂದರು. ಮ್ಯಾಜಿಸ್ಟ್ರೇಟರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕು ಸಹಿ ಹಾಕಿದರು.

ಅಲ್ಲಿಂದ ಮುಂದಿನದು ಮಾವನ ಸ್ವಂತ ಕಾನೂನು. ವಿಚಾರಣೆಯ ದಿನ ಆರೋಪಿ ಹಾಜರಾದರೆ ಸಾಕೆಂದು ನಾನು ಎಷ್ಟು ತಿಳಿಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಕಣ್ಣಾರೆ ನೋಡದೆ ಇದ್ದಾನೆಂದು ಹೇಗೆ ಹೇಳಲಿ ಎಂಬುದು ಅವರ ವಾದ. ಆದ್ದರಿಂದ ಗಿರಿಧರ ದಿನಕ್ಕೆರಡು ಹೊತ್ತು, ಗಲ್ಲಾದ ಎದುರಿಗೆ, ಬೀದಿಗೆ ಕಾಣುವ ಮೇಜಿನಲ್ಲಿ ಕೂತು ಉಣ್ಣಬೇಕೆಂದು ಕಟ್ಟಳೆಯಾಯಿತು. ಹತ್ತು ನಿಮಿಷ ತಡವಾದರೆ ಮಾವ ಗಲ್ಲಾ ಬಿಟ್ಟು ಹೊಸ್ತಿಲಿಗೆ ಬಂದು ನಿಲ್ಲುವರು. ಎರಡೇ ತಿಂಗಳಲ್ಲಿ ಅವನ ಅಂಗಿಯ ಗುಂಡಿಗಳು ಬಿಗಿಯಾದವು. ಜೈಲಿನಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲವೆಂದು ಗೊಣಗುತ್ತಲೇ ಅವನು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದ.

ಇಲ್ಲಿಯವರೆಗೆ ನಗುವ ಕಥೆ. ಆದರೆ ಅವನು ಹಾಗೆ ಬೀದಿಗೆ ಕಾಣುವಂತೆ ಕೂತಷ್ಟೂ ಸುತ್ತಲ ಮೇಜುಗಳು ಖಾಲಿಯಾಗತೊಡಗಿದವು. ಮೊದಲು ಪಕ್ಕದ್ದು, ಆಮೇಲೆ ಅದರಾಚೆಯದು. ಬರುತ್ತಿದ್ದವರೆಲ್ಲ ಸರಕಾರಿ ಗುಮಾಸ್ತರು, ಕೆಟ್ಟವರೇನಲ್ಲ, ಮಕ್ಕಳೊಂದಿಗರು. ಆರೋಪಿಯ ಪಕ್ಕ ಉಂಡದ್ದು ಯಾರ ಕಡತಕ್ಕೆ ಸೇರುವುದೋ ಎಂದು ಹೆದರಿದರು. ವರ್ಷಕ್ಕೊಮ್ಮೆ ಅಡುಗೆಮನೆ ತಪಾಸಣೆಗೆ ಬರುತ್ತಿದ್ದವರು ತಿಂಗಳಿಗೆ ಎರಡು ಸಲ ಬಂದರು. ಸಾರು ಬೇಕಾದರೆ ಕ್ಯಾರಿಯರಿನಲ್ಲಿ ತರಿಸಿಕೋ, ಅಲ್ಲಿ ಕೂರಬೇಡ ಎಂದ ನನ್ನಣ್ಣ. ನಾನಾದರೋ, ಅರ್ಜಿಯ ಪುಟಪುಟದಲ್ಲೂ ಸ್ವಾತಂತ್ರ್ಯ ಎಂಬ ಪದವನ್ನು ಕುಟ್ಟುತ್ತಿದ್ದವಳು, ಮರುದಿನದಿಂದ ರೊಟ್ಟಿ ಪಲ್ಯ ಕಟ್ಟಿಕೊಂಡು ಆಫೀಸಿಗೆ ಹೋದೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಹೆದರಿದ್ದೆ, ಅಷ್ಟೇ, ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಸರಕಾರಿ ವಕೀಲರ ಕಡೆಯಿಂದ ಒಂದು ಮಾತು ಬಂತು. ತಾನು ಬರೆದದ್ದು ನಿರಾಧಾರ, ವಿಷಾದಿಸುತ್ತೇನೆ ಎಂದು ಬರೆದುಕೊಟ್ಟರೆ ಮೊಕದ್ದಮೆ ಮುಗಿಯಿತು. ಸಾಹೇಬರಿಗೆ ಅದು ಸುತರಾಂ ಇಷ್ಟವಿರಲಿಲ್ಲ, ಆದರೂ ತೀರ್ಮಾನ ಕಕ್ಷಿದಾರನದೆಂದು ಬಿಟ್ಟರು. ಗಿರಿಧರ ನನ್ನ ಮೇಜಿಗೆ ಬಂದು, ತನ್ನದೇನೋ ಆಗಲಿ, ತನ್ನಿಂದಾಗಿ ಆ ಮನುಷ್ಯನ ಒಲೆ ಆರುವುದು ಬೇಡ, ಟೈಪು ಮಾಡಿಬಿಡಿ ಎಂದ. ಮಾಡಿದೆ, ಒಂದಕ್ಷರ ತಪ್ಪಿಲ್ಲದೆ. ನಿಮ್ಮಲ್ಲಿ ಮುಚ್ಚಿಡುವುದೇಕೆ, ಟೈಪು ಮಾಡುವಾಗ ಎದೆ ಹಗುರಾಯಿತು.

ಮಾವನಿಗೆ ಹೇಳಲು ಒಬ್ಬನಿಗೇ ಧೈರ್ಯ ಸಾಲದೆ ಅವನು ನನ್ನನ್ನೂ ಕರೆದುಕೊಂಡು ಹೋದ. ಕೂರಲು ಜಾಗ ಸಿಗಬಾರದ ಒಂದೂವರೆ ಗಂಟೆಯ ಹೊತ್ತಿನಲ್ಲಿ ಹೋಟೆಲಿನಲ್ಲಿ ಮೂವರಿದ್ದರು. ಮಾವನಿಗೆ ಇಂಗ್ಲಿಷ್ ಬಾರದು. ಕಾಗದದಲ್ಲಿ ಏನಿದೆ ಎಂಬುದನ್ನು ನಾನೇ ಕನ್ನಡದಲ್ಲಿ ಹೇಳಿದೆ, ಸಹಿ ಬಿದ್ದರೆ ನಿಮ್ಮ ಜಾಮೀನೂ ತೀರಿತು, ಗಿರಾಕಿಗಳೂ ವಾಪಸು ಬರುತ್ತಾರೆಂದು ನನ್ನದೂ ಸೇರಿಸಿದೆ. ಅವರು ಗಿರಿಧರನತ್ತ ತಿರುಗಿದರು.

"ಅಲ್ಲಿ ನೀರು ಇತ್ತಾ?"

"ಇರಲಿಲ್ಲ."

"ಈಗ ಬಂದದ್ದುಂಟಾ?"

"ಇಲ್ಲ ಮಾವ. ಆದ್ರೆ ನಿಮ್ಮ ಹೋಟೆಲು ಉಳೀಬೇಕಲ್ಲ."

"ಅಚ್ಛಾ. ನೀವು ಸುಳ್ಳುಗಾರ ಅಂತ ನೀವೇ ಸಹಿ ಹಾಕಿದ್ರೆ, ಇವರು ಒಳ್ಳೆಯ ಮನುಷ್ಯ ಅಂತ ಕೋರ್ಟಲ್ಲಿ ನಿಂತು ಹೇಳಿದ ನಾನು ಎಂಥವನಾದೆ? ಹೋಟೆಲು ಹೋದ್ರೆ ಮತ್ತೊಂದು ಕಡೆ ಒಲೆ ಹೂಡ್ತೇನೆ. ಹೇಳಿದ ಮಾತನ್ನು ಎಲ್ಲಿಂದ ವಾಪಸ್ ತರ್ಲಿ?"

ಗಿರಿಧರ ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡು ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತ. ಮುಂದಿನ ವರ್ಷ ಸರಕಾರ ಬದಲಾಗಿ ಆ ಮೊಕದ್ದಮೆ ತಾನಾಗಿ ಬಿದ್ದುಹೋಯಿತು. ಆದರೆ ಅವತ್ತು ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮಾವನಿಗಂತೂ ಖಂಡಿತ ಗೊತ್ತಿರಲಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಮೇಲೆ ಆಮೇಲೆ ನಾನು ದೊಡ್ಡದೊಡ್ಡ ಸಭೆಗಳಲ್ಲಿ ಮಾತಾಡಿದ್ದೇನೆ, ಚಪ್ಪಾಳೆಯೂ ಗಿಟ್ಟಿದೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಧೈರ್ಯವಾಗಿ ಬರೆದರೆಂದು ಕೇಳಿದರೂ ನನಗೀಗ ಮೊದಲು ತಿಳಿಯಬೇಕೆನಿಸುವುದು, ಅವರ ಪಕ್ಕದ ಕುರ್ಚಿಯಲ್ಲಿ ಕೂತವರು ಯಾರು ಎಂದು.

ಅವತ್ತು ಗಿರಿಧರ ಕೂತಾದ ಮೇಲೆ ಮಾವ ನನ್ನತ್ತ ನೋಡಿದರು.

"ಆ ಕಾಗದ ಟೈಪ್ ಮಾಡಿದ್ದು ಯಾರು ಶಾರದಾ?"

ನಾನೇ ಎಂದೆ. ಅವರು ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಯ್ಯಲಿಲ್ಲ, ಗಿರಿಧರನ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಡಲು ಒಳಗೆ ಕೂಗಿ ಹೇಳಿದರು.

"ನಾಳೆಯಿಂದ ನೀನೂ ಎರಡು ಹೊತ್ತು ಇಲ್ಲೇ ಊಟಕ್ಕೆ ಬಾ," ಎಂದರು. "ನಾನು ನೋಡಬೇಕು."