ಯಾವುದು ಮೇಲೆ?

ಬೆಳಗಿನ ಆರು ಗಂಟೆ. ಬೆಂಗಳೂರಿನ ಬಿಳೇಕಹಳ್ಳಿಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಕೈಲಾಸ್, ಎಂದೂ ಹಾರದ ಹೆಲಿಕಾಪ್ಟರಿನ ಗಾಜು ಒರೆಸುತ್ತಿದ್ದಾರೆ. ಇದಕ್ಕೆ ಮೇಲೆ ಫ್ಯಾನಿಲ್ಲ, ಹಿಂದೆ ಬಾಲವಿಲ್ಲ. ಇರುವುದು ಪೈಲಟ್ ಕೂರುವ ಮುಂಭಾಗ ಮಾತ್ರ. ಪೈಲಟ್ ಆಗುವವರು ಆಕಾಶಕ್ಕೆ ಹೋಗುವ ಮೊದಲು ಈ ಸಿಮ್ಯುಲೇಟರಿನಲ್ಲಿ ಕಲಿಯುತ್ತಾರೆ. ಅದನ್ನು ನಡೆಸುವವರು ಕೈಲಾಸ್. ಒರೆಸುವ ಕೈ ಇಲ್ಲಿದ್ದರೂ ಅವರ ಕಣ್ಣು ಬಾಗಿಲ ಕಡೆಗಿದೆ. ನಿನ್ನೆ ಪರೀಕ್ಷೆಯಲ್ಲಿ ಸೋತ ಮೈತ್ರಿ, "ನಾಳೆಯಿಂದ ಬರಲ್ಲ ಅಣ್ಣ" ಎಂದು ಹೇಳಿ ಹೋಗಿದ್ದಾಳೆ. ಇವತ್ತು ಅವಳ ಮರುಪರೀಕ್ಷೆ.

ಅವಳು ತಪ್ಪಿದ್ದು ಪರದೆಯ ಬಲಬದಿಯ ಒಂದು ಪುಟ್ಟ ಗುಲಾಬಿ ಬಣ್ಣದ ಗುರುತಿನಲ್ಲಿ. ಇಳಿಯಬೇಕಾದ ದಾರಿ ಎಷ್ಟು ಎತ್ತರದಲ್ಲಿದೆ ಎಂದು ಅದು ತೋರಿಸುತ್ತದೆ. ಗುರುತು ಮೇಲಿದ್ದರೆ ಹೆಲಿಕಾಪ್ಟರ್ ದಾರಿಗಿಂತ ಕೆಳಗಿದೆ ಎಂದರ್ಥ. ಮೈತ್ರಿ ಅದನ್ನು ತಿರುವುಮುರುವಾಗಿ ಓದಿ ಇನ್ನೂ ಕೆಳಗಿಳಿಸಿದಳು.

ಇಪ್ಪತ್ತರ ಹರೆಯದಲ್ಲಿ ಕೈಲಾಸ್ ಎಡವಿದ್ದೂ ಇಲ್ಲೇ. ಆಗ ಅವರೂ ಪೈಲಟ್ ಆಗಲು ಬಂದವರು. ಪಕ್ಕದಲ್ಲಿ ಕೂತು ಪರದೆ ಓದುತ್ತಿದ್ದವರು ಗೆಳೆಯ ಮಹೇಶ್. "ಅವನು ‘ಮೇಲೆ ಮಗಾ, ಮೇಲೆ’ ಅಂದ. ಗುರುತು ಮೇಲಿದೆ ಅಂತ ಅವನ ಅರ್ಥ. ನಾವು ಮೇಲಿದ್ದೀವಿ ಅಂತ ನಾನು ತಿಳ್ಕೊಂಡೆ. ಇಳಿಸಿದೆ. ನೆಲಕ್ಕೆ ಬಡಿದು ಪರದೆ ಕೆಂಪಾಯ್ತು" ಎಂದು ಕೈಲಾಸ್ ನೆನೆಯುತ್ತಾರೆ.

ಮರುಪರೀಕ್ಷೆಗೆ ಅವರನ್ನೂ ಕರೆದಿದ್ದರು. "ಎಲ್ರೂ ನಗ್ತಾರೆ ಅಂತ ಬಿಟಿಎಂ ಲೇಔಟ್ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗ್ಬಿಟ್ಟೆ. ಯಾರೂ ನಗ್ತಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು."

ಮಹೇಶ್ ಈಗ ಪೈಲಟ್. ಅಭ್ಯಾಸಕ್ಕೆಂದು ಇಲ್ಲಿಗೆ ಬಂದಾಗಲೆಲ್ಲ "ಮೇಲೋ ಕೆಳಗೋ ಗುರು?" ಎಂದು ರೇಗಿಸುತ್ತಾರೆ. ಕೈಲಾಸ್ ನಗುತ್ತಾರೆ. ನಕ್ಕು ಮತ್ತೆ ಗಾಜು ಒರೆಸತೊಡಗುತ್ತಾರೆ.

ಬಾಗಿಲು ಸರಿಯುತ್ತದೆ. ಮೈತ್ರಿ. ಅತ್ತು ಕಣ್ಣು ಊದಿದೆ.

"ಬರಲ್ಲ ಅಂದಿದ್ದೆ?"

"ಬ್ಯಾಗ್ ಮರ್ತು ಹೋಗಿದ್ದೆ ಅಣ್ಣ."

"ಅಲ್ಲಿದೆ, ತಗೋ. ಹಾಗೇ ಒಂದ್ಸಲ ಕೂತ್ಕೋ."

ಅವಳು ಮನಸ್ಸಿಲ್ಲದೆ ಕೂರುತ್ತಾಳೆ. ಕೈಲಾಸ್ ಕೇಳುತ್ತಾರೆ, "ಅಂಡರ್‌ಪಾಸ್ ಒಳಗಿದ್ದಾಗ ಮೇನ್ ರೋಡ್ ಎಲ್ಲಿರುತ್ತೆ?"

"ಮೇಲೆ."

"ನೀನು?"

"ಕೆಳಗೆ."

"ಅಷ್ಟೇ ಕಣಮ್ಮ. ಆ ಗುರುತು ರೋಡು, ನೀನಲ್ಲ. ಇನ್ಮುಂದೆ ಬರೀ ‘ಮೇಲೆ’ ಅನ್ಬೇಡ. ಯಾವುದು ಮೇಲೆ, ಅದನ್ನೂ ಬಾಯ್ಬಿಟ್ಟು ಹೇಳು."

ಯಂತ್ರ ಶುರುವಾಗುತ್ತದೆ. ಗುಲಾಬಿ ಗುರುತು ಮೆಲ್ಲಗೆ ಮೇಲಕ್ಕೆ ಜಾರುತ್ತದೆ. "ಗುರುತು ಮೇಲಿದೆ, ನಾವು ಕೆಳಗಿದ್ದೀವಿ" ಎನ್ನುತ್ತಾ ಮೈತ್ರಿ ಹೆಲಿಕಾಪ್ಟರನ್ನು ಎತ್ತುತ್ತಾಳೆ. ಗುರುತು ನಡುವೆ ಬಂದು ನಿಲ್ಲುತ್ತದೆ. ಅವಳ ಮುಖದಲ್ಲಿ ನಿನ್ನೆಯಿಂದ ಇಲ್ಲದ ನಗು.

"ಪರೀಕ್ಷೆ ಮಾಡೋರು ಹತ್ತಕ್ಕೆ ಬರ್ತಾರೆ. ಎಲ್ಲೂ ಹೋಗ್ಬೇಡ, ಇಲ್ಲೇ ಇರು."

"ಇರ್ತೀನಿ. ಅಲ್ಲೀವರ್ಗೂ ನೀವೊಂದ್ಸಲ ಇಳಿಸಿ ಅಣ್ಣ, ನಾನು ಪರದೆ ಓದ್ತೀನಿ."

ಕೈಲಾಸ್ ಪೈಲಟ್ ಕುರ್ಚಿಯನ್ನು ಒಮ್ಮೆ ನೋಡಿ, ಒರೆಸುವ ಬಟ್ಟೆ ಮಡಚುತ್ತಾರೆ.

"ನನ್ನ ಕಾಲ ಆಯ್ತಮ್ಮ. ಆವತ್ತು ನಾನೂ ಒಂದು ಬ್ಯಾಗ್ ಮರ್ತು ಹೋಗ್ಬೇಕಿತ್ತು."