ತಾತನ ಕೂಗು, ನನ್ನ ಗಂಟಲು

ಅಕ್ಕನ ಚಿತ್ರದೊಳಗೆ ಕಳ್ಳದನಿ ತುರುಕಲು ಹೋದ ಮಂಗ ನಾನೇ. ದೇವಸಮುದ್ರದ ಈ ಅಕ್ಕ ಪರದೇಶಗಳಲ್ಲಿ ಒಬ್ಬಳೇ ಕ್ಯಾಮೆರಾ ಹೊತ್ತು ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಆ ಸಲ ನಮ್ಮ ಸೀಮೆಗೇ ಬಂದು, ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ಕಣ್ಣು ಮುಚ್ಚಿ ಕೂತು, ಗಾಳಿಗೆ ಕಿವಿಗೊಟ್ಟು, “ಇನ್ನೊಂದೀಟು ಕಾಯೋಣ” ಅನ್ನುತ್ತಿದ್ದಳು. ಊರನ್ನೆಲ್ಲ ಅಣಕಿಸುವ ನಾನು ಅದನ್ನೂ ಬಿಡಲಿಲ್ಲ.

ಆಕೆಗೆ ಬೇಕಿದ್ದದ್ದು ಕುರಿಗಾಹಿ ತಾತನ ಕೂಗು. ಆಕೆ ಹೊರಡುವ ದಿನವೇ ತಾತನ ಗಂಟಲು ಕಟ್ಟಿತು. ಆಕೆಗೆ ಅದನ್ನು ತಿಳಿಸದೆ, ಜಾಲಿಯ ಮರೆಯಿಂದ ನಾನು ತಾತನಂತೆಯೇ ಕೂಗಿದೆ. ಮಂಜಿನೊಳಗಿಂದ ಮಂದೆಯೆಲ್ಲ ಕನಸಿನ ಹಾಗೆ ತೇಲಿ ಬಂತು. ಅಕ್ಕನ ಕಣ್ಣು ತುಂಬಿತು. ನಾನು ಹಲ್ಲು ಕಿರಿಯುತ್ತ ಹೊರಬಂದೆ. ಆಕೆ ಟೇಪನ್ನು ಹಿಂದಕ್ಕೆ ಸುತ್ತಿ ಅಳಿಸತೊಡಗಿದಳು.

“ಯಾಕಕ್ಕಾ? ಕುರಿಗೇ ಗೊತ್ತಾಗ್ಲಿಲ್ಲ, ಜನಕ್ಕೇನು ಗೊತ್ತಾಗ್ತೈತೆ?”

“ಕುರಿ ತಾತನ್ನ ನಂಬಿ ಬಂದ್ವು ಕಣೋ. ಜನ ನನ್ನ ನಂಬಿ ಬರ್ತಾರೆ.”