ಸಾಬೂನು ಮೆತ್ತಿದ ಮುಚ್ಚಳ

ದೆವ್ವ, ಶಕುನ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವುದು ನನ್ನ ಬಾಯಿಪಾಠ. ಆದರೆ ಈ ಒಂದು ಸಂಗತಿಯನ್ನು ಎಷ್ಟು ಪ್ರಮಾಣಿಸಿದರೂ ತಾಳೆ ಬೀಳುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಂಬತ್ತರ ದಶಕದ ಮಾತು. ರಾಯಚೂರಿನಿಂದ ಹಳ್ಳಿಗಳಿಗೆ ಹೋಗಿ ಕಣ್ಣಿನ ಪೊರೆ ತೆಗೆಯುವ ಬಸ್ಸೊಂದಿತ್ತು. ಒಳಗೇ ಆಪರೇಷನ್ ಕೋಣೆ, ಹಿಂದಿನ ಗೂಡಿನಲ್ಲಿ ಪೆಟ್ರೋಲ್ ಜನರೇಟರ್. ಅದರ ಮೆಕ್ಯಾನಿಕ್ ನಾನು. ದೇವದುರ್ಗದಿಂದ ಮಾನ್ವಿ ತಾಲೂಕಿನ ಮಲ್ಲಟಕ್ಕೆ ಬರುವಾಗ ರಸ್ತೆಯ ಕುಲುಕಾಟಕ್ಕೆ ಜನರೇಟರಿನ ಟಾಕಿಯ ಮುಚ್ಚಳದಿಂದ ಪೆಟ್ರೋಲ್ ಚೆಲ್ಲತೊಡಗಿತು. ಟಾಕಿ ಸೋರಿದರೆ ಬಟ್ಟೆ ಸಾಬೂನು ಮೆತ್ತುವುದು ನಮ್ಮ ಕಡೆಯ ರೂಢಿ. ನಾನೂ ಮುಚ್ಚಳದ ತುಂಬ ಮೆತ್ತಿದೆ, ಮರೆತೂಬಿಟ್ಟೆ.

ಮಧ್ಯಾಹ್ನ ಮೊದಲ ಆಪರೇಷನ್, ಒಬ್ಬ ಮುದುಕಿಗೆ. ದೊಡ್ಡ ದೀಪದ ಜೊತೆಗೆ, ಮುಂದಿನ ಆಪರೇಷನ್ನಿಗೆ ಉಪಕರಣ ಕುದಿಸುವ ಕರೆಂಟಿನ ಪಾತ್ರೆಯನ್ನೂ ಹಚ್ಚಿದ್ದೇ ತಡ, ಜನರೇಟರ್ ಕೆಮ್ಮಿ ಕೆಮ್ಮಿ ನಿಂತಿತು. ಆಗಲೇ ಕಣ್ಣು ಕೊಯ್ದಾಗಿತ್ತು. ಬ್ಯಾಟರಿಯ ಮಂದ ಬೆಳಕಿನಲ್ಲಿ ಡಾಕ್ಟರು ಕೂಗಿದರು: “ಲಗೂ ಮಾಡ್ರಿ, ಆಕಿ ಕಣ್ಣು ಹೋಗತದ!”

ಪ್ಲಗ್ ಬಿಚ್ಚಿ ಒರೆಸಿದೆ, ಕಾರ್ಬೊರೇಟರ್ ತೊಳೆದೆ. ಸುಮ್ಮನೆ ಬಿಟ್ಟರೆ ಓಡುತ್ತದೆ, ಲೋಡ್ ಕೊಟ್ಟರೆ ಸಾಯುತ್ತದೆ.

“ಯಪ್ಪಾ, ಅದರ ಬಾಯಿ ಕಟ್ಟೀದಿ. ಉಸರು ಹ್ಯಾಂಗ ಆಡಬೇಕು ಅದು?”

ತಿರುಗಿದೆ. ಬೇವಿನ ನೆರಳಿನಲ್ಲಿ ಹಸಿರು ಸೀರೆಯ ಮುದುಕಿ, ಬಲಗಣ್ಣಿಗೆ ಬಿಳಿ ಪಟ್ಟಿ. ತಟ್ಟನೆ ಹೊಳೆಯಿತು. ಮುಚ್ಚಳದ ಸಣ್ಣ ತೂತಿನಿಂದ ಗಾಳಿ ಒಳಹೋದರೆ ತಾನೇ ಪೆಟ್ರೋಲ್ ಇಳಿಯುವುದು! ಸಾಬೂನು ಕೆರೆದು ತೆಗೆದೆ. ಟಾಕಿ ಸುಂಯ್ ಎಂದು ಗಾಳಿ ಎಳೆದುಕೊಂಡಿತು. ದೀಪ ಹತ್ತಿತು, ಮತ್ತೆ ಆರಲಿಲ್ಲ.

ಕೈ ಮುಗಿಯೋಣವೆಂದು ನೋಡಿದರೆ ಬೇವಿನ ಬುಡದಲ್ಲಿ ಯಾರೂ ಇಲ್ಲ. ಆಪರೇಷನ್ ಮುಗಿಸಿ ಹೊರಬಂದ ನರ್ಸಮ್ಮನನ್ನು, ಕಣ್ಣಿಗೆ ಪಟ್ಟಿ ಕಟ್ಟಿದ್ದ ಮುದುಕಿ ಎಲ್ಲಿ ಹೋದಳೆಂದು ಕೇಳಿದೆ. “ಪಟ್ಟಿ ಕಟ್ಟಿದವರು ಎಲ್ಲಿ ಅದಾರ್ರೀ? ಇವತ್ತಿನ ಮೊದಲನೇ ಆಪರೇಷನ್ನೇ ಈಗ ಮುಗದದ” ಎಂದರು.

ಅಷ್ಟರಲ್ಲಿ ಒಳಗಿದ್ದವಳನ್ನು ಕೈಹಿಡಿದು ಇಳಿಸಿದರು. ಅದೇ ಹಸಿರು ಸೀರೆ, ಬಲಗಣ್ಣಿಗೆ ಅದೇ ಪಟ್ಟಿ. ಆಕೆ ಮೇಜಿನಿಂದ ಎದ್ದೇ ಇರಲಿಲ್ಲವೆಂದು ಡಾಕ್ಟರು ಆಣೆ ಮಾಡಿ ಹೇಳಿದರು. ನನ್ನ ಮುಂದೆ ಹಾಯುವಾಗ ಮುದುಕಿ ಒಂದು ಗಳಿಗೆ ನಿಂತು, ಜನರೇಟರಿನ ಕಡೆ ಕಿವಿಗೊಟ್ಟಳು.

“ಈಗ ಉಸರಾಡಾಕತ್ತದಲ್ಲಪ್ಪಾ?”

ಆಕೆಯ ಕಣ್ಣು ಉಳಿಯಿತು. ಜನರೇಟರ್ ಯಾಕೆ ನಿಂತಿತ್ತೆಂದು ಡಾಕ್ಟರು ಕೇಳಿದಾಗ ಪೆಟ್ರೋಲಿನಲ್ಲಿ ಕಸ ಎಂದುಬಿಟ್ಟೆ. ಆಕೆಗೆ ಹೇಗೆ ಗೊತ್ತಾಯಿತೋ ನನಗಿಂದಿಗೂ ತಿಳಿಯದು. ಸಾಬೂನಿನ ಮಾತನ್ನು ನಾನು ಈತನಕ ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.